ತುಪ್ಪದ ಮೇಲೆ ಹೊರಿಸಿದ ತಪ್ಪು

ಖಾಸಗಿ ಲ್ಯಾಬುಗಳ ಆರೋಗ್ಯ ತಪಾಸಣೆಯ ವರದಿ ಈಗ ಹದಿನೈದು ಇಪ್ಪತ್ತು ಪುಟಕ್ಕೆ ಕಡಿಮೆ ಬರುವುದಿಲ್ಲ. ಮೊದಲಿನ ಪುಟಗಳಲ್ಲಿ ರಕ್ತಕಣಗಳ ಎಣಿಕೆ, ಸಕ್ಕರೆ, ಆಮೇಲೆ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಲೆಕ್ಕ. ಮೂತ್ರಪಿಂಡ, ಲಿವರ್, ವಿಟಮಿನ್ ಡಿ ಎಲ್ಲ ದಾಟಿ ಎಲ್ಲೋ ಕೊನೆಗೆ ಥೈರಾಯ್ಡ್. ಒಂದು ಪುಟಕ್ಕೆ ಇನ್ನೊಂದು ಪುಟದ ಪರಿಚಯವೇ ಇಲ್ಲ. ಮಿತಿ ಮೀರಿದ ಅಂಕಿಗಳನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ, ಮನೆಯವರು ಓದುವುದು ಅಷ್ಟನ್ನೇ. ಕೊಲೆಸ್ಟ್ರಾಲ್ ದಪ್ಪಕ್ಷರದಲ್ಲಿ ಬಂದರೆ ಎಲ್ಲರ ಕಣ್ಣೂ ಅಡುಗೆಮನೆಯ ಕಡೆ ತಿರುಗುತ್ತದೆ. ಥೈರಾಯ್ಡ್ ಪುಟದ ಟಿಎಸ್‌ಎಚ್ ಎಂಬ ಅಂಕಿ ದಪ್ಪಕ್ಷರದಲ್ಲಿ ಬಂದರೆ 'ಓ, ಥೈರಾಯ್ಡ್' ಎಂದು ಅದನ್ನು ಹೆಂಗಸರ ಸಾಮಾನ್ಯ ದೂರುಗಳ ಖಾತೆಗೆ ಹಾಕಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಎರಡು ಪುಟಗಳಲ್ಲಿ ಬರೆದಿರುವುದು ಒಂದೇ ಸಮಾಚಾರ ಇರಬಹುದು ಎಂದು ಆ ವರದಿ ಯಾರಿಗೂ ಹೇಳುವುದಿಲ್ಲ.

ನಮ್ಮ ಕುಟುಂಬದಲ್ಲಿ ಎಲ್ಲರ ಫೈಲುಗಳೂ ನನ್ನ ಬೀರುವಿನಲ್ಲಿವೆ. ಬ್ಯಾಂಕಿನಲ್ಲಿ ಕೆಲಸ ಮಾಡಿದವಳು, ಕಾಗದ ಜೋಡಿಸುವುದು ಇವಳಿಗೆ ಗೊತ್ತು ಎಂದು ಒಬ್ಬೊಬ್ಬರಾಗಿ ತಂದು ಕೊಟ್ಟರು. ಹೀಗೆ ಬಂದ ಫೈಲುಗಳಲ್ಲಿ ನನ್ನನ್ನು ಅತಿ ಹೆಚ್ಚು ಓದಿಸಿದ್ದು ತೀರ್ಥಹಳ್ಳಿ ಕಡೆಯ ನನ್ನ ಚಿಕ್ಕಮ್ಮನದು. ಅರವತ್ತರ ಹತ್ತಿರದ ವಯಸ್ಸು. ತಪಾಸಣೆಯಲ್ಲಿ ಒಟ್ಟು ಕೊಲೆಸ್ಟ್ರಾಲ್ 312 ಬಂದಿತ್ತು, 'ಕೆಟ್ಟ ಕೊಲೆಸ್ಟ್ರಾಲ್' ಎನ್ನುವ ಎಲ್‌ಡಿಎಲ್ 222. ಅವರು ಮಾಡಿಸಿದ್ದು ಅಗ್ಗದ ಪ್ಯಾಕೇಜು, ಅದರಲ್ಲಿ ಥೈರಾಯ್ಡ್ ಪರೀಕ್ಷೆ ಇರಲಿಲ್ಲ. ವರದಿ ಕೈಗೆ ಬಂದ ದಿನವೇ ತುಪ್ಪದ ಡಬ್ಬಿ ಅಟ್ಟ ಸೇರಿತು. ಬೆಂಗಳೂರಿನಿಂದ ಮಗ ದಿನವೂ ಫೋನ್ ಮಾಡಿ ತೆಂಗಿನಕಾಯಿಯ ಲೆಕ್ಕ ಕೇಳತೊಡಗಿದ. ಕಾಯಿ ಹಾಕದ ಹುಳಿ, ಒಗ್ಗರಣೆಯಿಲ್ಲದ ಪಲ್ಯ. ಮಲೆನಾಡಿನ ಮನೆಯಲ್ಲಿ ಅದು ಊಟವಲ್ಲ, ಶಿಕ್ಷೆ. ಜೊತೆಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ. ಕೆಲವು ತಿಂಗಳಾದ ಮೇಲೆ ಮತ್ತೆ ನೋಡಿದರೆ ಕೊಲೆಸ್ಟ್ರಾಲ್ ಇಳಿದದ್ದು ಅಲ್ಪಸ್ವಲ್ಪ. ಮೀನಖಂಡಗಳಲ್ಲಿ ಮಾತ್ರ ಮೆಟ್ಟಿಲು ಹತ್ತಲಾಗದಷ್ಟು ನೋವು. 'ಕದ್ದು ತಿನ್ನುತ್ತಿರಬೇಕು' ಎಂದು ಸೊಸೆ ಹೇಳಿದ್ದು ಚಿಕ್ಕಮ್ಮನ ಕಿವಿಗೆ ಬಿತ್ತು. ಅಂದಿನಿಂದ ಅವರು ಮಾತ್ರೆ ಬಿಟ್ಟರು, ಸೊಸೆಯ ಜೊತೆ ಮಾತನ್ನೂ ಬಿಟ್ಟರು.

ಅವರ ದೇಹ ಅದಕ್ಕೂ ಬಹಳ ಮೊದಲೇ ಬೇರೆ ಭಾಷೆಯಲ್ಲಿ ಹೇಳುತ್ತಿತ್ತು. ಧ್ವನಿ ದಪ್ಪವಾಗಿತ್ತು, ಫೋನಿನಲ್ಲಿ ಗಂಡಸು ಮಾತನಾಡಿದಂತೆ ಕೇಳುತ್ತಿತ್ತು. ಬೆಳಿಗ್ಗೆ ಕಣ್ಣಿನ ರೆಪ್ಪೆ ಊದಿರುತ್ತಿತ್ತು. ಚಳಿ, ಮಲಬದ್ಧತೆ, ಒಣಗಿದ ಚರ್ಮ, ಮಧ್ಯಾಹ್ನ ಕುಳಿತಲ್ಲೇ ತೂಕಡಿಕೆ. ಅಂಗೈ ಹಳದಿಯಾದಾಗ ಕಾಮಾಲೆ ಎಂದು ಹೆದರಿದ್ದರು; ಪರೀಕ್ಷೆಯಲ್ಲಿ ಅಂಥದ್ದೇನೂ ಸಿಕ್ಕಲಿಲ್ಲ. ಥೈರಾಯ್ಡ್ ಕುಂದಿದಾಗ ಪಪ್ಪಾಯಿ, ಕ್ಯಾರೆಟ್ಟಿನಲ್ಲಿರುವ ಕ್ಯಾರೋಟೀನ್ ವಿಟಮಿನ್ ಎ ಆಗಿ ಬದಲಾಗುವುದು ನಿಧಾನವಾಗುತ್ತದೆ, ಹೀಗೆ ಉಳಿದ ಬಣ್ಣ ಅಂಗೈಯಲ್ಲಿ ಕಾಣಿಸುತ್ತದೆ. ಕಣ್ಣಿನ ಬಿಳಿಭಾಗ ಮಾತ್ರ ಬಿಳಿಯಾಗಿಯೇ ಇರುವುದರಿಂದ ಕಾಮಾಲೆಯಲ್ಲ ಎಂದು ಗುರುತಿಸಬಹುದು. ಇಷ್ಟೆಲ್ಲಕ್ಕೂ ಮನೆಯಲ್ಲಿ ಒಂದೊಂದು ಉತ್ತರ ಸಿದ್ಧವಿತ್ತು: ಮಳೆಗಾಲ, ವಯಸ್ಸು, ಚಿಂತೆ.

ಕಾಲುನೋವಿಗೆಂದು ಶಿವಮೊಗ್ಗಕ್ಕೆ ಕರೆದುಕೊಂಡು ಹೋದಾಗ ಅಲ್ಲಿನ ಹಿರಿಯ ವೈದ್ಯರೊಬ್ಬರು ವರದಿಯನ್ನು ಬದಿಗಿಟ್ಟು ಮೊದಲು ಚಿಕ್ಕಮ್ಮನ ಮುಖ ನೋಡಿದರು. ಕುರ್ಚಿಯ ಮೇಲೆ ಮೊಣಕಾಲೂರಿ ನಿಲ್ಲಿಸಿ, ಹಿಮ್ಮಡಿಯ ಮೇಲಿನ ಸ್ನಾಯುಬಂಧಕ್ಕೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಪಾದ ತಟ್ಟನೆ ಒದೆಯಿತು, ಆದರೆ ಮೊದಲಿನ ಜಾಗಕ್ಕೆ ಮರಳುವಾಗ ಎಲ್ಲಿಲ್ಲದ ಆಲಸ್ಯ. ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ಸ್ನಾಯು ಸಡಿಲಗೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಲ್ಯಾಬು ಬರುವುದಕ್ಕೂ ಮೊದಲಿನಿಂದ ವೈದ್ಯರು ನಂಬಿದ್ದ ಗುರುತು ಅದು. ಮಾರನೆಯ ದಿನ ಟಿಎಸ್‌ಎಚ್ 68 ಎಂದು ಬಂತು. ಸಾಮಾನ್ಯ ಮಿತಿ ಸುಮಾರು 0.4ರಿಂದ 4. ಟಿಎಸ್‌ಎಚ್ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಆಜ್ಞೆ. ಕತ್ತಿನ ಗ್ರಂಥಿ ಕೆಲಸ ಮಾಡದಿದ್ದಷ್ಟೂ ಆಜ್ಞೆಯ ದನಿ ಏರುತ್ತದೆ. ಹಾಗಾಗಿಯೇ ಥೈರಾಯ್ಡ್ ಕುಂದಿದಾಗ ಈ ಅಂಕಿ ಹೆಚ್ಚುತ್ತದೆ.

'ಹಾಗಾದರೆ ತುಪ್ಪದ್ದೇನೂ ತಪ್ಪಿಲ್ಲ ಅಲ್ಲವೇ ಡಾಕ್ಟರೇ?' ಎಂದು ಚಿಕ್ಕಮ್ಮ ಕೇಳಿದರು. 'ಅಷ್ಟು ಬೇಗ ಖುಲಾಸೆ ಮಾಡಬೇಡಿ ಅಮ್ಮ' ಎಂದರು ವೈದ್ಯರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಅಷ್ಟೂ ತಿಂಗಳು ಬರೆ ಬಿದ್ದದ್ದು ಅಡುಗೆಮನೆಗೆ. ಇದರ ಹಿಂದೆ ನಮ್ಮಲ್ಲಿ ಬೇರೂರಿರುವ ಒಂದು ನಂಬಿಕೆ ಇದೆ: ರಕ್ತದ ಕೊಲೆಸ್ಟ್ರಾಲ್ ಎಂದರೆ ತಿಂದದ್ದರ ಮೊತ್ತ ಎಂಬುದು. ನಮ್ಮೊಳಗಿನ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಪ್ರತಿ ಜೀವಕೋಶದ ಪೊರೆಗೂ ಅದು ಬೇಕು, ಪಿತ್ತರಸಕ್ಕೆ ಬೇಕು, ಹಲವು ಹಾರ್ಮೋನುಗಳಿಗೂ ಅದೇ ಕಚ್ಚಾ ಸಾಮಗ್ರಿ. ವರದಿಯಲ್ಲಿ ಕಾಣುವ ಎಲ್‌ಡಿಎಲ್ ಅಂಕಿ ಬ್ಯಾಂಕಿನ ಪಾಸ್‌ಬುಕ್ಕಿನ ಕೊನೆಯ ಸಾಲಿನಂತೆ. ಜಮಾ ಎಷ್ಟು, ಖರ್ಚು ಎಷ್ಟು ಎಂಬುದನ್ನು ಅದು ಹೇಳುವುದಿಲ್ಲ, ಉಳಿದದ್ದನ್ನಷ್ಟೇ ಹೇಳುತ್ತದೆ. ಜಮಾ ಹೆಚ್ಚದೆ, ಖರ್ಚು ನಿಂತರೂ ಬಾಕಿ ಏರುತ್ತದೆ. ಚಿಕ್ಕಮ್ಮನ ದೇಹದಲ್ಲಿ ಆದದ್ದು ಇದೇ.

ಖರ್ಚು ನಡೆಯುವುದು ಮುಖ್ಯವಾಗಿ ಲಿವರಿನಲ್ಲಿ. ಅಮೆರಿಕದ ಡಲ್ಲಾಸ್ ನಗರದಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ 1970ರ ದಶಕದಲ್ಲಿ ಕಂಡುಹಿಡಿದದ್ದು ಇದರ ಬಾಗಿಲನ್ನು. ಜೀವಕೋಶಗಳ ಮೇಲ್ಮೈಯಲ್ಲಿ ಎಲ್‌ಡಿಎಲ್ ಕಣವನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳಿವೆ. ಒಂದು ಗ್ರಾಹಕ ಕಣವನ್ನು ಹೊತ್ತು ಒಳಗೆ ಹೋಗಿ, ಇಳಿಸಿ, ಬರಿಗೈಯಲ್ಲಿ ಮತ್ತೆ ಮೇಲ್ಮೈಗೆ ಬರುತ್ತದೆ. ಈ ಒಂದು ಸುತ್ತು ಮುಗಿಯಲು ಸುಮಾರು ಹತ್ತು ನಿಮಿಷ. ಇಪ್ಪತ್ತು ಗಂಟೆಗಳಷ್ಟಿರುವ ತನ್ನ ಆಯುಷ್ಯದಲ್ಲಿ ಅದು ನೂರಕ್ಕೂ ಹೆಚ್ಚು ಬಾರಿ ಹೀಗೆ ಓಡಾಡುತ್ತದೆ. ಆರೋಗ್ಯವಂತರಲ್ಲಿ ಒಂದು ಎಲ್‌ಡಿಎಲ್ ಕಣ ರಕ್ತದಲ್ಲಿ ಅಲೆದಾಡುವುದು ಸರಾಸರಿ ಎರಡೂವರೆ ದಿನ. ಹುಟ್ಟಿನಿಂದಲೇ ಈ ಗ್ರಾಹಕಗಳ ಕೊರತೆಯಿರುವ ಮಕ್ಕಳಿಗೆ ಬಾಲ್ಯದಲ್ಲೇ ಹೃದಯಾಘಾತ ಆಗುವುದು ಏಕೆ ಎಂಬುದು ಅದರಿಂದ ತಿಳಿಯಿತು. 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಥೈರಾಯ್ಡ್ ಕೈ ಹಾಕುವುದು ಇಲ್ಲಿಯೇ. ಅದರ ಹಾರ್ಮೋನಿನ ಚುರುಕಾದ ರೂಪ ಟಿ3 ಲಿವರಿನ ಜೀವಕೋಶದ ಕೇಂದ್ರದವರೆಗೆ ಹೋಗಿ ಅಲ್ಲಿನ ತನ್ನ ಗ್ರಾಹಕವನ್ನು ಸೇರುತ್ತದೆ. ಆಗ ಎಲ್‌ಡಿಎಲ್ ಗ್ರಾಹಕಗಳನ್ನು ಮಾಡುವ ಜೀನ್ ಹೆಚ್ಚು ಕೆಲಸ ಮಾಡುತ್ತದೆ. ಟಿ3 ಕಡಿಮೆಯಾದರೆ ಗ್ರಾಹಕಗಳೂ ಕಡಿಮೆ. ಎಲ್‌ಡಿಎಲ್ ಕಣಗಳು ರಕ್ತದಲ್ಲೇ ಹೆಚ್ಚು ಕಾಲ ಸುತ್ತುತ್ತಿರುತ್ತವೆ. ಕೊಲೆಸ್ಟ್ರಾಲನ್ನು ಪಿತ್ತಾಮ್ಲವಾಗಿ ಬದಲಿಸಿ ಹೊರಹಾಕುವ ದಾರಿಯೂ ಮಂದವಾಗುತ್ತದೆ. ವಿಚಿತ್ರವೆಂದರೆ ಥೈರಾಯ್ಡ್ ಕುಂದಿದಾಗ ಕೊಲೆಸ್ಟ್ರಾಲಿನ ತಯಾರಿಕೆಯೂ ಇಳಿಯುತ್ತದೆ. ಆದರೆ ವಿಲೇವಾರಿ ಅದಕ್ಕಿಂತ ಹೆಚ್ಚು ಇಳಿಯುವುದರಿಂದ ರಕ್ತದ ಮಟ್ಟ ಏರುತ್ತದೆ. ಥೈರಾಯ್ಡ್ ಅತಿಯಾದವರಲ್ಲಿ ಇದು ತಿರುಗುಮುರುಗು: ತಯಾರಿಕೆ ಹೆಚ್ಚು, ವಿಲೇವಾರಿ ಇನ್ನೂ ಹೆಚ್ಚು, ವರದಿಯಲ್ಲಿ ಕಡಿಮೆ ಕೊಲೆಸ್ಟ್ರಾಲ್. ಯಾವ ಪ್ರಯತ್ನವೂ ಇಲ್ಲದೆ ತೂಕ ಇಳಿದು, ಎದೆ ಡವಡವ ಹೊಡೆದುಕೊಂಡು, ಕೊಲೆಸ್ಟ್ರಾಲ್ ದಿಢೀರನೆ 'ಚೆನ್ನಾಗಿ' ಬಂದರೆ ಸಿಹಿ ಹಂಚುವ ಮೊದಲು ಟಿಎಸ್‌ಎಚ್ ನೋಡುವುದು ಒಳ್ಳೆಯದು.

ಸ್ಟ್ಯಾಟಿನ್ ಮಾತ್ರೆಯೂ ಕೊನೆಗೆ ಬಂದು ನಿಲ್ಲುವುದು ಇದೇ ಬಾಗಿಲಿನಲ್ಲಿ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಿಂದ ಹೊರತೆಗೆದ ಆ ಬಗೆಯ ವಸ್ತು ಲಿವರಿನಲ್ಲಿ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಡೆಯುತ್ತದೆ. ಒಳಗೆ ಕೊರತೆ ಕಂಡ ಜೀವಕೋಶ ಹೊರಗಿನಿಂದ ಹಿಡಿಯಲು ಗ್ರಾಹಕಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಇನ್ನು ತುಪ್ಪ ಮತ್ತು ತೆಂಗಿನಕಾಯಿ. ಅವುಗಳಲ್ಲಿರುವ ಸಂತೃಪ್ತ ಕೊಬ್ಬು ಎಲ್‌ಡಿಎಲ್ ಏರಿಸುವುದು ಬಹುಪಾಲು ಈ ಗ್ರಾಹಕಗಳ ಚಟುವಟಿಕೆಯನ್ನು ಕುಗ್ಗಿಸಿಯೇ. ವೈದ್ಯರು ತುಪ್ಪವನ್ನು ಪೂರ್ತಿ ಖುಲಾಸೆ ಮಾಡದಿದ್ದುದಕ್ಕೆ ಕಾರಣ ಇದು. ಎಣ್ಣೆಯ ಪ್ಯಾಕೆಟ್ಟಿನ ಮೇಲೆ 'ಕೊಲೆಸ್ಟ್ರಾಲ್ ಇಲ್ಲ' ಎಂದು ದೊಡ್ಡದಾಗಿ ಅಚ್ಚು ಹಾಕುವುದನ್ನು ಕಂಡಾಗಲೆಲ್ಲ ನನಗೆ ನಗು ಬರುತ್ತದೆ. ಗಿಡದಿಂದ ಬಂದ ಯಾವ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇದ್ದೀತು? ಕೊಬ್ಬರಿ ಎಣ್ಣೆಯಲ್ಲೂ ಇಲ್ಲ. ಲಿವರ್ ಕೇಳುವ ಪ್ರಶ್ನೆ ಅದಲ್ಲ, ಸಂತೃಪ್ತ ಕೊಬ್ಬು ಎಷ್ಟು ಎಂಬುದು. 'ನಮ್ಮ ಅಜ್ಜಂದಿರು ದಿನವೂ ತಿಂದು ತೊಂಬತ್ತು ಬದುಕಿದರು' ಎನ್ನುವವರು ಐವತ್ತಕ್ಕೆ ಹೋದ ಅಜ್ಜಂದಿರನ್ನು ಎಣಿಸುವುದಿಲ್ಲ.

ಟ್ರೈಗ್ಲಿಸರೈಡಿನ ಮಾತು ಬೇರೆ. ರಕ್ತದ ಈ ಕೊಬ್ಬನ್ನು ಒಡೆಯುವ ಕಿಣ್ವ ಥೈರಾಯ್ಡ್ ಕುಂದಿದಾಗ ಮಂದವಾಗುವುದರಿಂದ ಅದೂ ಸ್ವಲ್ಪ ಏರುತ್ತದೆ, ಆದರೆ ನಮ್ಮವರಲ್ಲಿ ಅದನ್ನು ಏರಿಸುವುದು ಹೆಚ್ಚಾಗಿ ಅನ್ನದ ರಾಶಿ, ಸಕ್ಕರೆ, ಹೊಟ್ಟೆಯ ಸುತ್ತಿನ ಬೊಜ್ಜು, ಮದ್ಯ. ವರದಿಯಲ್ಲಿ ವಿಎಲ್‌ಡಿಎಲ್ ಎಂದು ಪ್ರತ್ಯೇಕ ಸಾಲು ಕಂಡು ಗಾಬರಿಯಾಗುವವರಿಗೆ ಒಂದು ಗುಟ್ಟು: ಬಹುತೇಕ ಲ್ಯಾಬುಗಳಲ್ಲಿ ಅದನ್ನು ಯಾರೂ ಅಳೆಯುವುದಿಲ್ಲ. ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿ ಬರೆಯುತ್ತಾರೆ. ಒಟ್ಟು ಕೊಲೆಸ್ಟ್ರಾಲಿನಿಂದ 'ಒಳ್ಳೆಯ ಕೊಲೆಸ್ಟ್ರಾಲ್' ಎನ್ನುವ ಎಚ್‌ಡಿಎಲ್ ಮತ್ತು ಆ ಐದನೇ ಒಂದು ಭಾಗವನ್ನು ಕಳೆದರೆ ಎಲ್‌ಡಿಎಲ್. ಇದು 1972ರ ಫ್ರೀಡ್‌ವಾಲ್ಡ್ ಸೂತ್ರ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬುವಂಥದ್ದಲ್ಲ. ಚಿಕ್ಕಮ್ಮನದು 190, ಎಚ್‌ಡಿಎಲ್ 52. ನಾನೇ ಕಾಗದದ ಮೇಲೆ ಕಳೆದು ನೋಡಿದೆ, ಸರಿಯಾಗಿತ್ತು. ಆ 52 ಕಂಡು ಮನೆಯವರು 'ಒಳ್ಳೆಯ ಕೊಲೆಸ್ಟ್ರಾಲ್ ಚೆನ್ನಾಗಿದೆಯಲ್ಲ' ಎಂದು ಸಮಾಧಾನಪಟ್ಟಿದ್ದರು. ಥೈರಾಯ್ಡ್ ಕುಂದಿದವರಲ್ಲಿ ಎಚ್‌ಡಿಎಲ್ ಮಾಮೂಲಾಗಿಯೇ ಇರಬಹುದು, ತುಸು ಹೆಚ್ಚೂ ಇರಬಹುದು, ಏಕೆಂದರೆ ಕಣದಿಂದ ಕಣಕ್ಕೆ ಕೊಬ್ಬನ್ನು ವಿನಿಮಯ ಮಾಡುವ ಪ್ರೋಟೀನಿನ ಕೆಲಸವೂ ತಗ್ಗಿರುತ್ತದೆ. ಸಕ್ಕರೆ ಮತ್ತು ಬೊಜ್ಜಿನ ದಾರಿಯಲ್ಲಿ ಬಂದ ವರದಿಯಾದರೆ ಸಾಮಾನ್ಯವಾಗಿ ಟ್ರೈಗ್ಲಿಸರೈಡ್ ಬಹಳ ಹೆಚ್ಚು, ಎಚ್‌ಡಿಎಲ್ ಕಡಿಮೆ. ಎಲ್‌ಡಿಎಲ್ ಒಂದೇ ಎದ್ದು ನಿಂತಿದ್ದರೆ ಕತ್ತಿನ ಕಡೆ ನೋಡಲು ಅದೊಂದು ಸುಳಿವು. ಸುಳಿವು ಮಾತ್ರ, ಪುರಾವೆಯಲ್ಲ.

ಇದೆಲ್ಲ ಹೊಸ ಜ್ಞಾನವೇನೂ ಅಲ್ಲ ಎಂಬುದು ಓದುತ್ತ ಹೋದಂತೆ ತಿಳಿದು ನನಗೆ ಸಿಟ್ಟೇ ಬಂತು. ಮುಖ ಊದಿ, ಮಾತು ನಿಧಾನವಾಗಿ, ಚಳಿಗೆ ಮುದುಡುವ ನಡುವಯಸ್ಸಿನ ಹೆಂಗಸರನ್ನು ಲಂಡನ್ನಿನ ವಿಲಿಯಂ ಗಲ್ 1873ರಲ್ಲೇ ವಿವರಿಸಿದ್ದ. ಕೆಲವೇ ವರ್ಷಗಳಲ್ಲಿ ವಿಲಿಯಂ ಆರ್ಡ್ ಅದಕ್ಕೆ ಮಿಕ್ಸಿಡೀಮ ಎಂದು ಹೆಸರಿಟ್ಟ. 1891ರಲ್ಲಿ ನ್ಯೂಕ್ಯಾಸಲ್‌ನ ಜಾರ್ಜ್ ಮರ್ರೆ ಎಂಬ ಯುವ ವೈದ್ಯ ಕುರಿಯ ಥೈರಾಯ್ಡಿನ ಸಾರವನ್ನು 46 ವರ್ಷದ ಒಬ್ಬ ಹೆಂಗಸಿಗೆ ಚುಚ್ಚಿದ. ಆಕೆ ಚೇತರಿಸಿಕೊಂಡು, ಆಮೇಲೆ ಬಾಯಿಯ ಮೂಲಕವೇ ಅದನ್ನು ತೆಗೆದುಕೊಳ್ಳುತ್ತ 1919ರವರೆಗೆ, 74ರ ವಯಸ್ಸಿನ ತನಕ ಬದುಕಿದಳು. ಅಷ್ಟು ವರ್ಷಗಳಲ್ಲಿ ಆಕೆಯ ಔಷಧಿಗೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತು ಎಂದು ಮರ್ರೆ ಲೆಕ್ಕ ಕೊಟ್ಟಿದ್ದಾನೆ. ಎಡ್ವರ್ಡ್ ಕೆಂಡಾಲ್ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಥೈರಾಯ್ಡಿನ ಹಾರ್ಮೋನಾದ ಥೈರಾಕ್ಸಿನ್ನಿನ ಹರಳುಗಳನ್ನು ಪ್ರತ್ಯೇಕಿಸಿದ್ದು 1914ರ ಕ್ರಿಸ್‌ಮಸ್ ದಿನ. 1927ರ ಹೊತ್ತಿಗೆ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸುವುದೂ ಸಾಧ್ಯವಾಯಿತು. ಕುರಿಗಳು ಬದುಕಿಕೊಂಡವು.

ಆಗ ಟಿಎಸ್‌ಎಚ್ ಪರೀಕ್ಷೆ ಇರಲಿಲ್ಲ. ಹಾರ್ಮೋನನ್ನು ರಕ್ತದಲ್ಲಿ ನೇರವಾಗಿ ಅಳೆಯುವ ದಾರಿ ಬರಲು ಇನ್ನೂ ದಶಕಗಳು ಬೇಕಿದ್ದವು. ಹಾಗಾದರೆ ವೈದ್ಯರು ಏನು ಮಾಡುತ್ತಿದ್ದರು? ಉಸಿರಾಟದಿಂದ ದೇಹದ ಚಯಾಪಚಯದ ವೇಗ ಅಳೆಯುತ್ತಿದ್ದರು. ಇನ್ನೊಂದು, ಕೊಲೆಸ್ಟ್ರಾಲ್ ನೋಡುತ್ತಿದ್ದರು! ಥೈರಾಯ್ಡ್ ಹೆಚ್ಚಿದವರಲ್ಲಿ ಕೊಲೆಸ್ಟ್ರಾಲ್ ಕಡಿಮೆ, ಕುಂದಿದವರಲ್ಲಿ ಹೆಚ್ಚು ಎಂದು ಬಾಸ್ಟನ್ನಿನ ವೈದ್ಯರು 1930ರಲ್ಲೇ ಪ್ರಕಟಿಸಿದ್ದರು. ಅಂದರೆ ಒಂದು ಕಾಲಕ್ಕೆ ಕೊಲೆಸ್ಟ್ರಾಲ್ ಪರೀಕ್ಷೆ ಥೈರಾಯ್ಡ್ ಪರೀಕ್ಷೆಯೇ ಆಗಿತ್ತು. ಅಂಕಿ ಏರಿದೊಡನೆ ಕತ್ತಿನ ಗ್ರಂಥಿ ನೆನಪಾಗುತ್ತಿದ್ದ ಕಾಲದಿಂದ, ಅಂಕಿ ಏರಿದೊಡನೆ ತುಪ್ಪದ ಡಬ್ಬಿ ನೆನಪಾಗುವ ಕಾಲಕ್ಕೆ ನಾವು ಬಂದಿದ್ದೇವೆ. ಹೃದ್ರೋಗದ ಜೊತೆ ಕೊಲೆಸ್ಟ್ರಾಲಿನ ನಂಟು ಗಟ್ಟಿಯಾದ ಮೇಲೆ ಅದರ ಹಳೆಯ ನಂಟು ಮರೆತುಹೋಯಿತು.

ಪ್ರಾಣಿಗಳ ಮೇಲಿನ ಪ್ರಯೋಗಗಳು ಇನ್ನೂ ಸ್ವಾರಸ್ಯವಾಗಿವೆ. ರಷ್ಯದ ನಿಕೊಲಾಯ್ ಅನಿಚ್ಕೊವ್ 1913ರಲ್ಲಿ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ ಅವುಗಳ ಅಪಧಮನಿಗಳಲ್ಲಿ ಕೊಬ್ಬು ಕಟ್ಟುವುದನ್ನು ತೋರಿಸಿದ. ಮೊಲ ಸೊಪ್ಪು ತಿನ್ನುವ ಪ್ರಾಣಿ, ಅದಕ್ಕೆ ಕೊಲೆಸ್ಟ್ರಾಲ್ ತಡೆಯುವುದಿಲ್ಲ. ನಾಯಿಗೆ ಎಷ್ಟು ತಿನ್ನಿಸಿದರೂ ರಕ್ತನಾಳ ಕೆಡಿಸುವುದು ಸುಲಭವಿರಲಿಲ್ಲ. 1946ರಲ್ಲಿ ಅಮೆರಿಕದ ಸ್ಟೈನರ್ ಮತ್ತು ಕೆಂಡಾಲ್ (ಥೈರಾಕ್ಸಿನ್ ಕಂಡವನಲ್ಲ, ಈತ ಬೇರೆ) ನಾಯಿಗಳಿಗೆ ಕೊಲೆಸ್ಟ್ರಾಲ್ ಜೊತೆಗೆ ಥೈರಾಯ್ಡನ್ನು ಅಡಗಿಸುವ ಥಯೋಯುರಾಸಿಲ್ ಎಂಬ ಔಷಧಿಯನ್ನೂ ಕೊಟ್ಟರು. ಆಗ ನಾಯಿಯ ಅಪಧಮನಿಗಳೂ ಕೆಟ್ಟವು. ಇನ್ನೊಂದು ತುದಿಯಲ್ಲಿ, 1933ರಲ್ಲಿ ಕೆನೆತ್ ಟರ್ನರ್ ಎಂಬಾತ ಕೊಲೆಸ್ಟ್ರಾಲ್ ತಿನ್ನುವ ಮೊಲಗಳಿಗೆ ಥೈರಾಯ್ಡ್ ಪುಡಿಯನ್ನೂ ಕೊಟ್ಟು ಅವುಗಳ ರಕ್ತನಾಳಗಳನ್ನು ಕಾಪಾಡಿದ್ದ. ತಟ್ಟೆಯಲ್ಲಿರುವುದು ಒಂದೇ, ಅದನ್ನು ದೇಹ ಏನು ಮಾಡುತ್ತದೆ ಎಂಬುದು ಕತ್ತಿನ ಗ್ರಂಥಿ ಹೇಗಿದೆ ಎಂಬುದರ ಮೇಲೆ ನಿಂತಿತ್ತು. ಮನುಷ್ಯ ಮೊಲವೂ ಅಲ್ಲ, ನಾಯಿಯೂ ಅಲ್ಲ, ನಿಜ. ಆದರೂ ಸೊಸೆಯ ಕೈಗೆ ಕೊಡಬೇಕೆನಿಸಿದ ಪ್ರಯೋಗ ಅದು.

ಇಲ್ಲಿಂದ ಒಂದು ಆಸೆ ಹುಟ್ಟುವುದು ಸಹಜ. ಥೈರಾಯ್ಡ್ ಹಾರ್ಮೋನು ಕೊಲೆಸ್ಟ್ರಾಲ್ ಇಳಿಸುತ್ತದೆಂದಾದರೆ, ಥೈರಾಯ್ಡ್ ಸರಿಯಿರುವವರಿಗೂ ಕೊಟ್ಟರೆ? ಅಮೆರಿಕ ಇದನ್ನು ಮಾಡಿ ನೋಡಿತು. 1966ರಲ್ಲಿ ಆರಂಭವಾದ ಕರೊನರಿ ಡ್ರಗ್ ಪ್ರಾಜೆಕ್ಟ್ ಎಂಬ ದೊಡ್ಡ ಪ್ರಯೋಗದಲ್ಲಿ ಈಗಾಗಲೇ ಹೃದಯಾಘಾತವಾಗಿದ್ದ 8,341 ಗಂಡಸರಿದ್ದರು. ಒಂದು ಗುಂಪಿಗೆ ಡೆಕ್ಸ್‌ಟ್ರೋಥೈರಾಕ್ಸಿನ್ ಕೊಟ್ಟರು. ಅದು ಥೈರಾಕ್ಸಿನ್ನಿನ ಕನ್ನಡಿ ಬಿಂಬದಂಥ ಅಣು. ಹೃದಯವನ್ನು ಹೆಚ್ಚು ಓಡಿಸದೆ ಕೊಲೆಸ್ಟ್ರಾಲನ್ನು ಮಾತ್ರ ಇಳಿಸುತ್ತದೆ ಎಂಬ ನಿರೀಕ್ಷೆಯಿತ್ತು. ಕೊಲೆಸ್ಟ್ರಾಲ್ ಇಳಿಯಿತು. ಆದರೆ ಬರಿಯ ಹುಸಿ ಮಾತ್ರೆ ನುಂಗಿದವರಿಗಿಂತ ಆ ಗುಂಪಿನಲ್ಲಿ ಹೆಚ್ಚು ಜನ ಸತ್ತರು. ಪ್ರಯೋಗದ ಆ ಭಾಗವನ್ನು ನಡುವೆಯೇ ನಿಲ್ಲಿಸಿ, 1972ರಲ್ಲಿ ಕಾರಣವನ್ನು ಪ್ರಕಟಿಸಿದರು. ಅಂಕಿ ಚೆನ್ನಾಗಿ ಕಂಡರೆ ರೋಗಿ ಚೆನ್ನಾಗಿದ್ದಾನೆ ಎಂದೇನಿಲ್ಲ ಎಂದು ಇಷ್ಟು ಕಠೋರವಾಗಿ ತೋರಿಸಿದ ಘಟನೆಗಳು ವೈದ್ಯಕೀಯದಲ್ಲಿ ಹೆಚ್ಚಿಲ್ಲ. ತೂಕ ಇಳಿಸಲು, ಕೊಲೆಸ್ಟ್ರಾಲ್ ಇಳಿಸಲು ಎಂದು ನೆಂಟರ ಬಾಟಲಿಯಿಂದ ಥೈರಾಯ್ಡ್ ಮಾತ್ರೆ ಕೇಳಿ ಪಡೆಯುವವರನ್ನು ನಾನು ನೋಡಿದ್ದೇನೆ. ಬೇಡದ ಹಾರ್ಮೋನು ಹೃದಯದ ಲಯ ತಪ್ಪಿಸುತ್ತದೆ, ಮೂಳೆ ಸವೆಸುತ್ತದೆ.

ಹೃದಯಕ್ಕೂ ಲಿವರಿಗೂ ಏಕೆ ಈ ಭೇದ ಎಂಬುದು ಆಮೇಲೆ ತಿಳಿಯಿತು. ಥೈರಾಯ್ಡ್ ಹಾರ್ಮೋನನ್ನು ಸ್ವೀಕರಿಸುವ ಗ್ರಾಹಕಗಳಲ್ಲಿ ಎರಡು ಬಗೆ: ಹೃದಯದಲ್ಲಿ ಹೆಚ್ಚಾಗಿ ಆಲ್ಫಾ, ಲಿವರಿನಲ್ಲಿ ಹೆಚ್ಚಾಗಿ ಬೀಟಾ. ಬೀಟಾವನ್ನು ಮಾತ್ರ ಮುಟ್ಟುವ ಔಷಧಿಗಾಗಿ ಹುಡುಕಾಟ ನಡೆಯಿತು. ಎಪ್ರೊಟಿರೋಮ್ ಎಂಬುದೊಂದು ಎಲ್‌ಡಿಎಲ್ ಇಳಿಸುವುದರಲ್ಲಿ ಭರವಸೆ ಮೂಡಿಸಿತ್ತು. ನಾಯಿಗಳಲ್ಲಿ ಮೃದ್ವಸ್ಥಿ ಹಾಳಾಗುವುದು ಕಂಡು 2012ರಲ್ಲಿ ಅದನ್ನು ಕೈಬಿಟ್ಟರು. ಕೊನೆಗೆ 2024ರ ಮಾರ್ಚ್‌ನಲ್ಲಿ ರೆಸ್ಮೆಟಿರೋಮ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದೂ ಕೊಲೆಸ್ಟ್ರಾಲಿಗಲ್ಲ, ಕೊಬ್ಬು ತುಂಬಿ ಗಾಯದ ಕಲೆ ಕಟ್ಟತೊಡಗಿದ ಲಿವರಿಗೆ. ಎಲ್‌ಡಿಎಲ್ ಇಳಿಯುವುದು ಅದರ ಜೊತೆಗೆ ಬರುವ ಲಾಭ.

ಈಗ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಗೊಂದಲವಿರುವ ಜಾಗಕ್ಕೆ ಬರುತ್ತೇನೆ. ಟಿಎಸ್‌ಎಚ್ 68 ಎಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಆದರೆ 5, 6, 7 ಎಂದು ಬರುವವರು ಬಹಳ. ಟಿ4 (ಅಂದರೆ ಥೈರಾಕ್ಸಿನ್) ಮಾಮೂಲು, ಟಿಎಸ್‌ಎಚ್ ಸ್ವಲ್ಪ ಹೆಚ್ಚು. ಭಾರತದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ವಯಸ್ಕರಲ್ಲಿ ಸುಮಾರು 11 ಶೇಕಡಾ ಮಂದಿಗೆ ಥೈರಾಯ್ಡ್ ಕುಂದಿತ್ತು. ಆ ನಗರಗಳಲ್ಲಿ ಬೆಂಗಳೂರೂ ಒಂದು. ಹೀಗಾಗಿ ಕೊಲೆಸ್ಟ್ರಾಲ್ 230 ಬಂದವರಲ್ಲೂ ಅನೇಕರು 'ಎಲ್ಲ ಥೈರಾಯ್ಡಿನದೇ' ಎಂದು ನೆಮ್ಮದಿಯಾಗಿ ಕರಿದ ತಿಂಡಿಗೆ ಮರಳುತ್ತಾರೆ. ಇದು ಎಮ್ಮೆಯ ಜ್ವರಕ್ಕೆ ಎತ್ತಿಗೆ ಬರೆ. ಅಮೆರಿಕದ ಕೊಲೊರಾಡೊದಲ್ಲಿ 25,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟಿಎಸ್‌ಎಚ್ ಸರಿಯಿದ್ದವರ ಸರಾಸರಿ ಕೊಲೆಸ್ಟ್ರಾಲ್ 216, ಹೆಚ್ಚಿದ್ದವರದು 224. ವ್ಯತ್ಯಾಸ ಇದೆ, ಆದರೆ ಎಂಟು. ಇಂಥವರಿಗೆ ಮಾತ್ರೆ ಕೊಟ್ಟಾಗ ಎಲ್‌ಡಿಎಲ್ ಇಳಿಯುವುದು ಸರಾಸರಿ ಹತ್ತರ ಆಸುಪಾಸು. 170 ಎಲ್‌ಡಿಎಲ್ ಇರುವವರು ಟಿಎಸ್‌ಎಚ್ 6ರ ಮೇಲೆ ಹೊಣೆ ಹೊರಿಸಿದರೆ ಲೆಕ್ಕ ಕೂಡುವುದಿಲ್ಲ.

ವಯಸ್ಸಾದವರ ವಿಷಯದಲ್ಲಿ ಇನ್ನೂ ಹಗುರಾಗಿ ಹೆಜ್ಜೆ ಇಡಬೇಕು. ವಯಸ್ಸಾದಂತೆ ಟಿಎಸ್‌ಎಚ್ ತಾನಾಗಿಯೇ ಸ್ವಲ್ಪ ಏರುತ್ತದೆ. ಯುರೋಪಿನಲ್ಲಿ 65 ದಾಟಿದ 737 ಜನರ ಮೇಲೆ ನಡೆದ ಟ್ರಸ್ಟ್ ಎಂಬ ಪ್ರಯೋಗ 2017ರಲ್ಲಿ ಹೊರಬಂತು: ಅಲ್ಪಸ್ವಲ್ಪ ಕುಂದಿದ ಥೈರಾಯ್ಡಿಗೆ ಮಾತ್ರೆ ಕೊಟ್ಟದ್ದರಿಂದ ಅವರ ಸುಸ್ತಿನಲ್ಲಾಗಲಿ ಇತರ ಲಕ್ಷಣಗಳಲ್ಲಾಗಲಿ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಟಿಎಸ್‌ಎಚ್ 10 ದಾಟಿದಾಗ ಮಾತ್ರೆಯ ಪರ ವಾದ ಗಟ್ಟಿಯಾಗುತ್ತದೆ. ಬಸಿರಿನಲ್ಲಂತೂ ಲೆಕ್ಕವೇ ಬೇರೆ. ಉಳಿದದ್ದು ವೈದ್ಯರ ವಿವೇಚನೆ. ನನ್ನ ಪಾಲಿನ ಹಟ ಒಂದೇ: ಕೊಲೆಸ್ಟ್ರಾಲ್ ಏರಿದೆ ಎಂದು ಜೀವನಪೂರ್ತಿಯ ಸ್ಟ್ಯಾಟಿನ್ ಬರೆಯುವ ಮೊದಲು ಒಂದು ಟಿಎಸ್‌ಎಚ್ ಮಾಡಿಸಬೇಕು. ಹಲವು ದೇಶಗಳ ಮಾರ್ಗಸೂಚಿಗಳೂ ಇದನ್ನೇ ಹೇಳುತ್ತವೆ. ಮಾಡಿಸದಿದ್ದರೆ ಆಗುವ ನಷ್ಟ ಎರಡು ಬಗೆಯದು. ಕಾರಣ ಹಾಗೆಯೇ ಉಳಿಯುತ್ತದೆ. ಜೊತೆಗೆ, ಥೈರಾಯ್ಡ್ ಕುಂದಿದ ದೇಹದ ಸ್ನಾಯುಗಳು ಸ್ಟ್ಯಾಟಿನ್‌ಗೆ ಬೇಗ ನೋಯುತ್ತವೆ. ಚಿಕ್ಕಮ್ಮನ ಮೀನಖಂಡದ ನೋವಿಗೆ ಇದು ಕಾರಣವಿರಬೇಕು ಎಂದರು ಶಿವಮೊಗ್ಗದ ವೈದ್ಯರು.

ಮಲೆನಾಡಿನವರು ಎಂದೊಡನೆ ಕೆಲವರು ಅಯೋಡಿನ್ ಕೊರತೆಯ ಮಾತೆತ್ತುತ್ತಾರೆ. ಚಿಕ್ಕಮಗಳೂರು, ಕೊಡಗಿನ ಕಡೆ ಗಳಗಂಡ ಇದ್ದದ್ದು ನಿಜ. ಹಿಮಾಲಯದ ತಪ್ಪಲಿನ ಕಾಂಗ್ಡಾ ಕಣಿವೆಯಲ್ಲಿ 1956ರಿಂದ ವಿ. ರಾಮಲಿಂಗಸ್ವಾಮಿಯವರ ತಂಡ ಅಯೋಡಿನ್ ಬೆರೆತ ಉಪ್ಪಿನ ಪ್ರಯೋಗ ಮಾಡಿತು, 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು. ಈಗ ಉಪ್ಪಿನ ಪ್ಯಾಕೆಟ್ಟಿನಲ್ಲಿ ಅಯೋಡಿನ್ ಇದೆ. ಇಂದು ಕಾಣುವ ಥೈರಾಯ್ಡ್ ಕೊರತೆಯಲ್ಲಿ ದೊಡ್ಡ ಪಾಲು ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯನ್ನು ಹಾಳುಮಾಡುವ ಹಾಶಿಮೊಟೊ ಕಾಯಿಲೆಯದು. ಅದಕ್ಕೆ ಉಪ್ಪು ಹೆಚ್ಚು ತಿಂದು ಪ್ರಯೋಜನವಿಲ್ಲ, ಎಲೆಕೋಸು ಬಿಟ್ಟೂ ಪ್ರಯೋಜನವಿಲ್ಲ.

ಚಿಕ್ಕಮ್ಮನಿಗೆ ಲೆವೊಥೈರಾಕ್ಸಿನ್, ಅಂದರೆ ಥೈರಾಕ್ಸಿನ್ನಿನ ಮಾತ್ರೆ, 25 ಮೈಕ್ರೊಗ್ರಾಮಿನಿಂದ ಶುರುವಾಯಿತು. ವಯಸ್ಸಾದ ಹೃದಯಕ್ಕೆ ಒಮ್ಮೆಲೇ ಪೂರ್ತಿ ಪ್ರಮಾಣ ಕೊಡುವುದಿಲ್ಲ. ರಕ್ತದಲ್ಲಿ ಟಿ4 ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು, ಹೀಗಾಗಿ ಪ್ರಮಾಣ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಾದು ಟಿಎಸ್‌ಎಚ್ ನೋಡಬೇಕು. ಹದಿನೈದು ದಿನಕ್ಕೇ ಪರೀಕ್ಷೆ ಮಾಡಿಸಿ 'ಮಾತ್ರೆ ಹಿಡಿಯುತ್ತಿಲ್ಲ' ಎನ್ನುವುದು ದುಡ್ಡಿನ ದಂಡ. ಮೊದಲು ಸರಿಯಾದದ್ದು ಧ್ವನಿ, ಆಮೇಲೆ ಮುಖ. ಟಿಎಸ್‌ಎಚ್ ಮಿತಿಯೊಳಗೆ ಬಂದು ನಿಂತ ಮೇಲೆ ಲಿಪಿಡ್ ಮಾಡಿಸಿದಾಗ ಎಲ್‌ಡಿಎಲ್ 141. ತುಪ್ಪದ ಡಬ್ಬಿ ಅಷ್ಟರಲ್ಲಿ ಅಟ್ಟದಿಂದ ಇಳಿದಿತ್ತು, ಹಿಂದಿನಷ್ಟು ಧಾರಾಳವಾಗಿ ಅಲ್ಲ, ಅನ್ನದ ಮೇಲೆ ಅರ್ಧ ಚಮಚ. 222ರಿಂದ 141ಕ್ಕೆ ಇಳಿಸಿದ್ದು ಥೈರಾಯ್ಡ್ ಮಾತ್ರೆ; ಉಳಿದ 141 ಅವರದೇ, ವಯಸ್ಸಿನದು, ವಂಶದ್ದು, ತೆಂಗಿನಕಾಯಿಯದು. ರಕ್ತದೊತ್ತಡವೂ ಇರುವುದರಿಂದ ವೈದ್ಯರು ಸಣ್ಣ ಪ್ರಮಾಣದ ಸ್ಟ್ಯಾಟಿನ್ ಮತ್ತೆ ಬರೆದರು. ಈ ಸಲ ಕಾಲು ನೋಯಲಿಲ್ಲ. 'ಥೈರಾಯ್ಡ್ ಸರಿಹೋಯಿತಲ್ಲ, ಮತ್ತೆ ಯಾಕೆ ಇದು?' ಎಂದು ಚಿಕ್ಕಮ್ಮ ನನ್ನನ್ನು ಕೇಳಿದಾಗ, 'ಚಿಕ್ಕಮ್ಮ, ಆಪಾದನೆ ಅರ್ಧ ಸುಳ್ಳಾಗಿತ್ತು, ಪೂರ್ತಿ ಅಲ್ಲ' ಎಂದೆ. ಅವರಿಗೆ ಅದು ಹಿಡಿಸಲಿಲ್ಲ.

ಅವರ ನಿಜವಾದ ಜಗಳ ಕಾಫಿಯದು. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ ಅರ್ಧದಿಂದ ಒಂದು ಗಂಟೆ ಏನೂ ತೆಗೆದುಕೊಳ್ಳಬಾರದು. ಬೆಳಗಿನ ಜಾವ ಎದ್ದೊಡನೆ ಡಿಕಾಕ್ಷನ್ ಇಳಿಸುವ ಮನೆಯಲ್ಲಿ ಇದು ನಡೆಯುವ ಮಾತೇ? ಕಾಫಿ ಕರುಳಿನಲ್ಲಿ ಮಾತ್ರೆಯ ಹೀರಿಕೆಯನ್ನು ಕಡಿಮೆ ಮಾಡುವುದನ್ನು ಇಟಲಿಯ ವೈದ್ಯರು 2008ರಲ್ಲಿ ತೋರಿಸಿದ್ದಾರೆ. ಇಟಲಿಯವರಿಗಲ್ಲದೆ ಇನ್ನಾರಿಗೆ ಆ ಅನುಮಾನ ಬರಬೇಕು! ಒಂದು ಸಲ ಟಿಎಸ್‌ಎಚ್ ಕಾರಣವಿಲ್ಲದೆ 14ಕ್ಕೆ ಏರಿ, ಹಿಂದೆಯೇ ಎಲ್‌ಡಿಎಲ್ ಕೂಡ ಮೇಲೆದ್ದಾಗ ವಿಚಾರಿಸಿದೆ. ಮಾತ್ರೆ ನುಂಗುತ್ತಿದ್ದದ್ದು ಕಾಫಿಯ ಜೊತೆಗೇ, ತಿಂಡಿಗೆ ಮೊದಲು ಕ್ಯಾಲ್ಸಿಯಂ ಮಾತ್ರೆ ಬೇರೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರ ಬೇಕು. ನೆದರ್‌ಲೆಂಡ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇದೇ ಮಾತ್ರೆಯನ್ನು ರಾತ್ರಿ ಮಲಗುವಾಗ ಕೊಟ್ಟು ನೋಡಿದ್ದರು, ಬೆಳಿಗ್ಗೆಗಿಂತ ಚೆನ್ನಾಗಿಯೇ ಕೆಲಸ ಮಾಡಿತ್ತು. ಅದನ್ನು ಹೇಳಿ ವೈದ್ಯರ ಒಪ್ಪಿಗೆ ಪಡೆದೆವು. ಈಗ ಚಿಕ್ಕಮ್ಮ ರಾತ್ರಿಯ ಊಟವನ್ನು ಏಳಕ್ಕೇ ಮುಗಿಸುತ್ತಾರೆ, ಹತ್ತು ಗಂಟೆಗೆ ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆ. ಮೊನ್ನೆಯ ವರದಿಯಲ್ಲಿ ಟಿಎಸ್‌ಎಚ್ 2.8, ಎಲ್‌ಡಿಎಲ್ 96. ಸೊಸೆಯೇ ಅದನ್ನು ಫೋಟೊ ತೆಗೆದು ನನಗೆ ಕಳಿಸಿದಳು, 'ಅತ್ತೆ ಕದ್ದು ತಿಂದರೂ ಇಷ್ಟೇ ಬಂದಿದೆ' ಎಂಬ ಟಿಪ್ಪಣಿಯೊಂದಿಗೆ.